ಖಡಕಿಯಿಂದ ದಾಪೋಡಿಗೆ

ಖಡಕಿಯಿಂದ ದಾಪೋಡಿ ದೂರವೇನಲ್ಲ. ಬೋಪೋಡಿ ದಾಟಿದರೆ ಮುಳಾ ನದಿ, ಅದರ ಮೇಲೆ ಹ್ಯಾರಿಸ್ ಸೇತುವೆ. ಆದರೂ ಮನೆ ಕಿತ್ತು ಹೊರಡುವಾಗ ನಮಗೆ ಧಾರವಾಡ ಬಿಟ್ಟು ಬಂದ ದಿನವೇ ನೆನಪಾಯಿತು.

ಮರಾಠಿಯಲ್ಲಿ 'ಖಡಕ' ಎಂದರೆ ಬಂಡೆ. 1817ರ ನವೆಂಬರ್ 5ರಂದು ಪೇಶವೆಯ ಸೈನ್ಯಕ್ಕೂ ಇಂಗ್ಲಿಷರಿಗೂ ಕಾಳಗವಾದದ್ದು ಇಲ್ಲಿ. 1869ರಲ್ಲಿ ಮದ್ದುಗುಂಡಿನ ಕಾರ್ಖಾನೆ ಬಂದಿತು. ಅಂಥ ಗಟ್ಟಿ ಊರಿನಲ್ಲಿ ನಮ್ಮ ಅವ್ವನ ಒರಳುಕಲ್ಲು ಹನ್ನೊಂದು ವರ್ಷ ಬೇರೂರಿ ಕುಳಿತಿತ್ತು.

ನಾವು ಕಚೇರಿಯ ಕಾರಕೂನರು. ಪಟ್ಟಿ ಮಾಡುವುದೇ ನಮ್ಮ ವಿದ್ಯೆ. ಗಂಟುಗಳಿಗೆ ಒಂದರಿಂದ ನಲವತ್ಮೂರರವರೆಗೆ ಅಂಕಿ ಬರೆದೆವು. ಒರಳಿಗೆ ಅಂಕಿ ಕೊಡಲಿಲ್ಲ. ಮೂರನೆಯ ಮಹಡಿಗೆ ಹೊರುವವರಾರು? ಅವ್ವ ಮಾತಾಡಲಿಲ್ಲ.

ಒಂದನೆಯ ಪೆಟ್ಟಿಗೆಯಲ್ಲಿ ಹಾಲುಕ್ಕಿಸುವ ಪಾತ್ರೆ, ಕಡ್ಡಿಪೆಟ್ಟಿಗೆ, ಸಕ್ಕರೆ, ಚಹಾಪುಡಿ. ಒಂದನೆಯದಲ್ಲವೇ, ಮೊದಲೇ ಏರಿಸಿದೆವು! ಮೊದಲು ಏರಿದ್ದು ಕೊನೆಗೆ ಇಳಿಯುತ್ತದೆಂಬುದು ಬಿ.ಎ. ಓದಿದ ನಮಗೆ ತಿಳಿದದ್ದು ದಾಪೋಡಿಯಲ್ಲಿ. ಒಲೆ ಇಳಿಯಿತು, ಸಿಲಿಂಡರು ಇಳಿಯಿತು, ಪಾತ್ರೆಯ ಸುಳಿವಿಲ್ಲ. ಮೇಲೆ ಮಳೆ. ಮುಹೂರ್ತ ಮೀರುತ್ತಲಿತ್ತು.

ಅಷ್ಟರಲ್ಲಿ ಅವ್ವ ಟೆಂಪೊದ ಅಂಚಿನಲ್ಲಿದ್ದ ಗೋಣಿತಟ್ಟು ಸರಿಸಿದಳು. ಒರಳು! ಸೆರಗಿನ ಗಂಟು ಬಿಚ್ಚಿ, ಹಮಾಲರಿಗೆ ತಾನೇ ದುಡ್ಡು ಕೊಟ್ಟು ಹೇರಿಸಿದ್ದಳಂತೆ. ಅದರ ಕುಳಿಯಲ್ಲಿ ಪುಟ್ಟ ಬೋಗುಣಿ, ಕಡ್ಡಿಪೆಟ್ಟಿಗೆ, ಸಕ್ಕರೆಯ ಪೊಟ್ಟಣ.

"ನೀ ಪಟ್ಟಿ ಓದಕೋತ ಕೂಡಪಾ, ನಾ ಹಾಲು ಉಕ್ಕಸ್ತೀನಿ" ಎಂದಳು.

ಹಾಲು ಉಕ್ಕಿತು. ಒರಳು ಮಾತ್ರ ಇನ್ನೂ ಮೆಟ್ಟಿಲ ಬುಡದಲ್ಲಿಯೇ ಇದೆ. ಮಹಡಿಗೆ ಇಷ್ಟೆಂದು ಹಮಾಲರು ಬೇರೆ ಕೂಲಿ ಕೇಳುತ್ತಿದ್ದಾರೆ. ಅವ್ವ ದಿನವೂ ಕೆಳಗಿಳಿದು ಅಲ್ಲಿಯೇ ಚಟ್ನಿ ರುಬ್ಬುತ್ತಾಳೆ.