ವಿಲೀನವೆಂಬ ಮಾತು

ಮದ್ದೂರಿನ ಶಿಂಷೆ ಮಳವಳ್ಳಿ ತಾಲ್ಲೂಕಿನಲ್ಲಿ ಕಾವೇರಿಯನ್ನು ಸೇರುತ್ತದೆ. ಅದನ್ನು ವಿಲೀನವೆನ್ನಬಹುದು, ಕಿವಿಗೆ ಇಂಪಾದ ಮಾತು. ಶಾಲೆಗಳ ವಿಷಯದಲ್ಲಿಯೂ ಸರ್ಕಾರದ ಕಾಗದಗಳು ಇದೇ ಮಾತನ್ನು ಬಳಸುತ್ತವೆ. ಶಾಲೆಯನ್ನು ಮುಚ್ಚಿದೆವೆಂದು ಯಾರೂ ಬರೆಯುವುದಿಲ್ಲ. ಹತ್ತಿರದ ಶಾಲೆಯಲ್ಲಿ ವಿಲೀನಗೊಳಿಸಿದೆವೆಂದು ಬರೆಯುತ್ತಾರೆ. ಆದರೆ ನದಿಗೆ ಇಳಿಜಾರಿದ್ದರೆ ಸಾಕು, ತಾನೇ ಹರಿದುಹೋಗುತ್ತದೆ. ಆರು ವರ್ಷದ ಮಗುವನ್ನು ಯಾರಾದರೂ ಕೈಹಿಡಿದು ಕರೆದೊಯ್ಯಬೇಕು.

ನಮ್ಮೂರು ಮದ್ದೂರು-ಮಳವಳ್ಳಿ ರಸ್ತೆಯಿಂದ ಒಳಗಿರುವ ಸಣ್ಣ ಹಳ್ಳಿ. ಅಲ್ಲಿ ಎರಡು ಕೊಠಡಿಯ ಸರ್ಕಾರಿ ಕಿರಿಯ ಪ್ರಾಥಮಿಕ ಶಾಲೆಯಿತ್ತು. ನಮ್ಮ ತಂದೆಯವರು ಮೂರನೆಯ ತರಗತಿಯವರೆಗೆ ಓದಿ ದನ ಮೇಯಿಸಲು ಹೋದರು. ನಾನು ಐದನ್ನೂ ಅಲ್ಲಿಯೇ ಮುಗಿಸಿದೆ. ನಮ್ಮ ಮನೆತನದಲ್ಲಿ ಬಿ.ಎ. ತರಗತಿಯ ಮೆಟ್ಟಿಲು ಹತ್ತಿದವನು ನಾನೇ ಮೊದಲಿಗ. ಇದರಲ್ಲಿ ನನ್ನ ಬುದ್ಧಿಯ ಪಾಲು ಎಷ್ಟೋ, ಶಾಲೆ ಮನೆಯಿಂದ ನೂರು ಮಾರು ದೂರದಲ್ಲಿತ್ತೆಂಬುದರ ಪಾಲೂ ಅಷ್ಟೇ. ಗದ್ದೆಗೆ ಹೊರಡುವ ತಾಯಿ ನನ್ನನ್ನು ಶಾಲೆಗೆ ಕಳುಹಿಸಲು ಯಾರ ಜೊತೆಯನ್ನೂ ಕಾಯಬೇಕಾಗಿರಲಿಲ್ಲ. ಗಂಟೆಯ ಸದ್ದು ನಮ್ಮ ಜಗಲಿಗೇ ಕೇಳಿಸುತ್ತಿತ್ತು.

ಮಕ್ಕಳ ಸಂಖ್ಯೆ ನಾಲ್ಕಕ್ಕೆ ಇಳಿದ ವರ್ಷ ಶಾಲೆಗೆ ಬೀಗ ಬಿತ್ತು. ಇದಕ್ಕೆ ಸರ್ಕಾರವೊಂದನ್ನೇ ದೂರುವುದು ನ್ಯಾಯವಲ್ಲ. ಕಬ್ಬಿನ ಹಣ ಕೈಸೇರಿದೊಡನೆ ನಮ್ಮೂರಿನವರು ಮೊದಲು ಮಾಡಿದ ಕೆಲಸವೆಂದರೆ, ಮಕ್ಕಳ ಕೊರಳಿಗೆ ಟೈ ಕಟ್ಟಿ ಕಾನ್ವೆಂಟಿನ ಹಳದಿ ವ್ಯಾನು ಹತ್ತಿಸಿದ್ದು. ಚಿಕ್ಕಪ್ಪನನ್ನು ಕೇಳಿದರೆ, "ಒಬ್ರೇ ಮೇಷ್ಟ್ರು, ಐದು ಕ್ಲಾಸು. ಅಕ್ಸರ ಯಾವಾಗ ಕಲಿಸ್ತಾರೆ, ಅಕ್ಕಿ ಲೆಕ್ಕ ಯಾವಾಗ ಬರೀತಾರೆ, ನೀನೇ ಯೋಳ್ಲಾ" ಎಂದರು. ಇದಕ್ಕೆ ಸುಲಭವಾದ ಉತ್ತರ ನನ್ನಲ್ಲಿಲ್ಲ. ಮಕ್ಕಳಿಲ್ಲವೆಂದು ಮೇಷ್ಟರನ್ನು ಕೊಡರು. ಮೇಷ್ಟರಿಲ್ಲವೆಂದು ಮಕ್ಕಳು ಬಾರರು.

ಆದರೆ ಉಳಿದ ಆ ನಾಲ್ವರು ಯಾರು? ವ್ಯಾನಿನ ಹಣ ಕೊಡಲಾರದ ಕೂಲಿಯವರ ಮಕ್ಕಳು, ಮೂವರು ಹುಡುಗಿಯರು. ಅವರ ಹೊಸ ಶಾಲೆಗೆ ನಾಲೆಯ ಏರಿಯ ಮೇಲೆ ಮೂರು ಕಿಲೋಮೀಟರು ನಡೆಯಬೇಕು. 2018ರ ನವೆಂಬರ್ 24ರಂದು ಪಾಂಡವಪುರ ತಾಲ್ಲೂಕಿನ ಕನಗನಮರಡಿಯ ಬಳಿ ಬಸ್ಸು ವಿಶ್ವೇಶ್ವರಯ್ಯ ನಾಲೆಗೆ ಬಿದ್ದು 30 ಜನ ತೀರಿಕೊಂಡರು. ಅವರಲ್ಲಿ ಶಾಲೆಯಿಂದ ಮರಳುತ್ತಿದ್ದ ಮಕ್ಕಳೂ ಇದ್ದರು. ಅಂದಿನಿಂದ ನಮ್ಮ ಸೀಮೆಯ ತಾಯಂದಿರಿಗೆ ನಾಲೆಯೆಂದರೆ ಎದೆ ನಡುಗುತ್ತದೆ. "ಮಳೆ ನಿಂತ್ಮೇಲೆ ಕಳಿಸ್ತೀನಿ ಕನಪ್ಪ" ಎಂದು ಒಬ್ಬ ಹುಡುಗಿಯ ತಾಯಿ ಜೂನಿನಲ್ಲಿ ಹೇಳಿದ್ದರು. ಈಗ ಸಂಕ್ರಾಂತಿಯೂ ಕಳೆದಿದೆ. ಹುಡುಗಿ ಮನೆಯಲ್ಲಿ ತಮ್ಮನನ್ನು ಆಡಿಸುತ್ತಿದ್ದಾಳೆ.

ಊರಿಗೂ ನಷ್ಟವಾಯಿತು. ಮೇಲುಕೇರಿ ಕೆಳಕೇರಿಯ ಮಕ್ಕಳು ಒಂದೇ ಸಾಲಿನಲ್ಲಿ ಕುಳಿತು ಉಣ್ಣುತ್ತಿದ್ದ ಜಾಗ ಅದೊಂದೇ. 1938ರಲ್ಲಿ ಬಾವುಟ ಹಾರಿಸುವುದಕ್ಕಾಗಿ ಮದ್ದೂರಿನ ಶಿವಪುರದಲ್ಲಿ ಸತ್ಯಾಗ್ರಹ ಹೂಡಿದ ಸೀಮೆ ನಮ್ಮದು. ಕಳೆದ ಆಗಸ್ಟ್ 15ರಂದು ನಮ್ಮೂರಿನಲ್ಲಿ ಬಾವುಟ ಹಾರಲಿಲ್ಲ. ಕಂಬವಿದೆ, ಹಾರಿಸುವವರಿಲ್ಲ.

2009ರ ಶಿಕ್ಷಣ ಹಕ್ಕು ಕಾಯಿದೆ 2010ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ಐದನೆಯ ತರಗತಿಯವರೆಗಿನ ಮಕ್ಕಳಿಗೆ ಒಂದು ಕಿಲೋಮೀಟರಿನೊಳಗೆ ಶಾಲೆಯಿರಬೇಕೆಂಬುದು ಅದರಂತೆ ಆದ ನಿಯಮ. ಆದರೂ 2018ರ ಜುಲೈ ತಿಂಗಳ ರಾಜ್ಯ ಮುಂಗಡಪತ್ರದಲ್ಲಿ 28,847 ಶಾಲೆಗಳನ್ನು 8,530 ಶಾಲೆಗಳೊಡನೆ ವಿಲೀನಗೊಳಿಸುವ ಪ್ರಸ್ತಾವ ಬಂದಿತು, ಸಾಹಿತಿಗಳು ವಿರೋಧಿಸಿದರು. ಈಗ ಕರ್ನಾಟಕ ಪಬ್ಲಿಕ್ ಶಾಲೆಗಳ ಮಾತು ನಡೆದಿದೆ. ತರಗತಿಗೊಬ್ಬ ಉಪಾಧ್ಯಾಯರು, ಆಟದ ಬಯಲು, ಪ್ರಯೋಗಶಾಲೆ ಇರುವ ದೊಡ್ಡ ಶಾಲೆ ಯಾರಿಗೆ ಬೇಡ? ಬರಲಿ. ಆದರೆ ಮಕ್ಕಳನ್ನು ಕರೆದೊಯ್ಯುವ ವಾಹನ ಮೊದಲು ಊರಿಗೆ ಬರಲಿ. ಬೀಗ ಆಮೇಲೆ ಬರಲಿ. ಒಂದು, ಎರಡು, ಮೂರನೆಯ ತರಗತಿಗಳಾದರೂ ಊರಿನಲ್ಲಿಯೇ ಉಳಿಯಲಿ.

ಈ ಕಾಲೇಜಿನಲ್ಲಿ ನನ್ನ ಪಕ್ಕದಲ್ಲಿ ಕುಳಿತವರಲ್ಲಿ ಬಹುಮಂದಿ ಇಂಥ ಎರಡು ಕೊಠಡಿಯ ಶಾಲೆಗಳಿಂದಲೇ ಬಂದವರು. ಗೆಳೆಯರೆ, ರಜೆಯಲ್ಲಿ ಊರಿಗೆ ಹೋದಾಗ ನಮ್ಮ ಶಾಲೆಯಲ್ಲಿ ಈಗ ಎಷ್ಟು ಮಕ್ಕಳಿದ್ದಾರೆಂದು ಕೇಳೋಣ. ಇಪ್ಪತ್ತಿದ್ದಾಗಲೇ ಕೇಳಬೇಕು. ಬೀಗ ಬಿದ್ದ ಮೇಲೆ ಅರ್ಜಿ ಬರೆಯುವುದು, ಕೋಟೆ ಸೂರೆಯಾದ ಮೇಲೆ ದಿಡ್ಡಿ ಬಾಗಿಲು ಹಾಕಿದಂತೆ.