ಕಲ್ಲಿಲ್ಲದ ಸಿಪಾಯಿ

ಕಳೆದ ಕಾರ್ತಿಕಮಾಸದಲ್ಲಿ ಪಿಂಚಣಿಯ ಕಾಗದಪತ್ರಗಳ ಸಲುವಾಗಿ ನಾನು ಬೀಡಿಯಿಂದ ಬೆಳಗಾವಿಗೆ ಹೋಗಬೇಕಾಯಿತು. ಕಚೇರಿಯ ಕೆಲಸವು ಮಧ್ಯಾಹ್ನದೊಳಗೆ ಮುಗಿಯಿತು. ಬಸ್ಸಿಗೆ ಇನ್ನೂ ಎರಡು ತಾಸು ಅವಕಾಶವಿದ್ದಿತು. ನನ್ನ ಸಂಗಡ ನನ್ನ ಹಳೆಯ ವಿದ್ಯಾರ್ಥಿಯೊಬ್ಬನಿದ್ದನು. ಅವನು ಮರಾಠಾ ಪಲಟಣದಲ್ಲಿ ಹವಾಲ್ದಾರನಾಗಿ ಸೇವೆಮಾಡಿ, ನಿವೃತ್ತನಾಗಿ ಊರು ಸೇರಿದವನು. “ಗುರುಗಳ, ಕ್ಯಾಂಪಿನ್ಯಾಗ ಇಂಗ್ಲಿಷರ ಹಳೇ ಗೋರಿ ಅದಾವ. ನೋಡ್ಕೊಂಡ ಹೋಗೂಣು ಬರ್ರಿ” ಎಂದು ಕರೆದನು. ಸ್ಮಶಾನವನ್ನು ನೋಡಲು ಹೋಗುವದು ನಮ್ಮ ಮನೆಯ ಸಂಪ್ರದಾಯವಲ್ಲ. ಆದರೂ ಶಿಷ್ಯನ ಮಾತನ್ನು ಮೀರಲಾರದೆ ಹೋದೆನು.

ಆಳೆತ್ತರ ಹುಲ್ಲು ಬೆಳೆದಿದ್ದಿತು. ಕೆಲವು ಕಲ್ಲುಗಳು ವಾಲಿದ್ದವು, ಕೆಲವು ಒಡೆದಿದ್ದವು, ಕೆಲವುಗಳ ಅಕ್ಷರಗಳನ್ನು ಮಳೆಯು ತಿಂದುಬಿಟ್ಟಿದ್ದಿತು. ಉಳಿದವುಗಳನ್ನು ನನ್ನ ಶಿಷ್ಯನು ಬೆರಳಿನಿಂದ ತಡವಿ ತಡವಿ ಓದಿ ಹೇಳಿದನು. ಬಹುತೇಕರು ಇಪ್ಪತ್ತರ ಆಸುಪಾಸಿನ ತರುಣರು. ಆ ಕಾಲದಲ್ಲಿ ಈ ದೇಶಕ್ಕೆ ಬಂದ ಬಿಳಿಯ ಸೋಜರರಲ್ಲಿ ರಣದಲ್ಲಿ ಬಿದ್ದವರಿಗಿಂತ ವಾಂತಿಭೇದಿಯಿಂದಲೂ ಜ್ವರದಿಂದಲೂ ಸತ್ತವರೇ ಹೆಚ್ಚು. ಅವರಲ್ಲಿ ಸ್ಕಾಟ್ಲಂಡಿನ ಹಳ್ಳಿಗರೂ ಇದ್ದರು, ಐರ್ಲಂಡಿನ ಬಡವರೂ ಇದ್ದರು. ತಮ್ಮೂರಿನ ಪುಟ್ಟ ಪ್ರೆಸ್ಬಿಟೀರಿಯನ್ ಗುಡಿಯ ಅಂಗಳದಲ್ಲಿ ತಂದೆತಾಯಿಗಳ ಮಗ್ಗುಲಲ್ಲಿ ಮಲಗಬೇಕಾದವರು ಬೆಳಗಾವಿಯ ಕೆಮ್ಮಣ್ಣಿನಲ್ಲಿ ಮಲಗಿದ್ದಾರೆ.

ಹವಾಲ್ದಾರನು ಒಂದು ಕಲ್ಲಿನ ಮುಂದೆ ಸೆಟೆದು ನಿಂತು ಸಲಾಮು ಮಾಡಿದನು. ನಾನು ಅಚ್ಚರಿಯಿಂದ ನೋಡಿದೆನು. “ಯಾರ ಸಿಪಾಯಿ ಆದ್ರೇನ್ರಿ ಗುರುಗಳ, ಸಿಪಾಯಿ ಸಿಪಾಯೀನ” ಎಂದನು. ಆ ಮಾತು ನನ್ನ ಎದೆಯಲ್ಲಿ ಬೇರೊಂದು ಕಡೆಗೆ ನಾಟಿತು. ಅದೇಕೆಂಬುದನ್ನು ಹೇಳುವ ಸಲುವಾಗಿಯೇ ಈ ಲೇಖನವನ್ನು ಬರೆಯುತ್ತಿದ್ದೇನೆ.

ನಮ್ಮ ಖಾನಾಪುರ ಸೀಮೆಯವರಿಗೆ ವೀರರ ಸಮಾಧಿಯೆಂದರೆ ಹೊಸ ಮಾತಲ್ಲ. 1824ನೆಯ ಅಕ್ಟೋಬರ 23ರಂದು ಕಿತ್ತೂರಿನ ಕೋಟೆಯೆದುರಿಗೆ ಕಲೆಕ್ಟರ ಠ್ಯಾಕರೆಯು ಮಡಿದನು. ಅವನಿಗೂ ಅವನೊಡನೆ ಮಡಿದ ಅಧಿಕಾರಿಗಳಿಗೂ ಧಾರವಾಡದಲ್ಲಿ ಸ್ಮಾರಕಸ್ತಂಭವೆದ್ದಿತು. ಆ ಯುದ್ಧದ ಕಿಡಿಯು ಆರಲಿಲ್ಲ. 1830ರ ಜನವರಿಯಲ್ಲಿ ಸಂಗೊಳ್ಳಿಯ ರಾಯಣ್ಣನ ದಂಡು ನಮ್ಮ ಬೀಡಿಯ ಸರಕಾರಿ ಕಚೇರಿಗೆ ಬೆಂಕಿಯಿಟ್ಟಿತು. ಮುಂದೆ ಅವನು ಮೋಸದಿಂದ ಸೆರೆಸಿಕ್ಕು, 1831ರ ಜನವರಿ 26ರಂದು ನಂದಗಡದಲ್ಲಿ ಗಲ್ಲಿಗೇರಿದನು. ಅವನಿಗೆ ಸರಕಾರವು ಸ್ತಂಭವನ್ನೆಬ್ಬಿಸಲಿಲ್ಲ. ಜನರು ಅವನ ಸಮಾಧಿಯ ಮೇಲಿನ ಆಲದಮರಕ್ಕೆ ಕೈಮುಗಿದರು. ನಾನು ಚಿಕ್ಕಂದಿನಲ್ಲಿ ತಂದೆಯವರ ಕೈಹಿಡಿದು ಆ ಮರಕ್ಕೆ ಪ್ರದಕ್ಷಿಣೆ ಮಾಡಿದವನು.

ಅದಕ್ಕಿಂತಲೂ ಹಿಂದಿನ ಕಾಲಕ್ಕೆ ಹೋದರೆ ವೀರಗಲ್ಲುಗಳಿವೆ. ಕೆಳಗಿನ ಪಟ್ಟಿಯಲ್ಲಿ ಕಾಳಗ, ನಡುವೆ ವೀರನನ್ನೊಯ್ಯುವ ಅಪ್ಸರೆಯರು, ಮೇಲೆ ಶಿವಸಾನ್ನಿಧ್ಯ, ತುದಿಗೆ ಸೂರ್ಯಚಂದ್ರರು. ತುರುಗಳನ್ನು ಕಾಯಲು ಹೋಗಿ ಸತ್ತವನಿಗೂ ನಮ್ಮ ಪೂರ್ವಜರು ಕಲ್ಲು ನಿಲ್ಲಿಸಿದರು. ಇಷ್ಟೇ ಅಲ್ಲ, ಮಂಡ್ಯದ ಸೀಮೆಯ ಆತಕೂರಿನಲ್ಲಿ ಕಾಡುಹಂದಿಯೊಡನೆ ಹೋರಾಡಿ ಸತ್ತ ಕಾಳಿಯೆಂಬ ನಾಯಿಗೆ ಹತ್ತನೆಯ ಶತಮಾನದಲ್ಲಿ ಕಲ್ಲು ನಿಂತಿತು. ಆ ಕಲ್ಲು ಇಂದು ಬೆಂಗಳೂರಿನ ವಸ್ತುಸಂಗ್ರಹಾಲಯದಲ್ಲಿದೆ. ಸಾವಿರ ವರ್ಷಗಳಾದರೂ ಒಂದು ನಾಯಿಯ ಹೆಸರು ಅಳಿಯಲಿಲ್ಲ. ಇಂಥ ನಾಡಿನ ಮಾಸ್ತರನಾದ ನಾನು ಒಬ್ಬ ಮನುಷ್ಯನ ಗುರುತನ್ನು ಕಳೆದೆನು.

1989ನೆಯ ಇಸವಿಯ ಮಾತು. ಆಗ ನಾನು ನೌಕರಿಗೆ ಸೇರಿದ ಹೊಸತು. ನಮ್ಮ ಓಣಿಯಲ್ಲಿ ಮರಾಠಾ ಮನೆತನದ ಮುದುಕಿಯೊಬ್ಬಳಿದ್ದಳು. ಊರವರೆಲ್ಲ ಆಕೆಯನ್ನು ಆಯಿಯೆಂದೇ ಕರೆಯುತ್ತಿದ್ದರು. ಮನೆಯಲ್ಲಿ ಮರಾಠಿ, ಓಣಿಯಲ್ಲಿ ಕನ್ನಡ. ಎರಡೂ ಆಕೆಯ ಬಾಯಲ್ಲಿ ಸಮನಾಗಿ ಹೊರಳುತ್ತಿದ್ದವು. ಒಂದು ದಿನ ಸಂಜೆಗೆ ಸೆರಗಿನಲ್ಲಿ ಏನನ್ನೋ ಮುಚ್ಚಿಕೊಂಡು ನಮ್ಮ ಕಟ್ಟೆಗೆ ಬಂದಳು. ತೆಗೆದು ನೋಡಿದರೆ ಅಂಗೈಯಗಲದ ಕಂಚಿನ ಬಿಲ್ಲೆ. ಒಂದು ಬದಿಗೆ ತ್ರಿಶೂಲ ಹಿಡಿದ ದೇವಿಯಂಥ ಸ್ತ್ರೀಮೂರ್ತಿ, ಕಾಲಬಳಿ ಸಿಂಹ, ಅಂಚಿನ ಚೌಕದಲ್ಲಿ ಉಬ್ಬಿದ ಇಂಗ್ಲಿಷ್ ಅಕ್ಷರಗಳಲ್ಲಿ ಒಂದು ಹೆಸರು. ಎಷ್ಟೋ ವರ್ಷ ಅದು ದೇವರಜಗಲಿಯ ಮೇಲೆ ಇದ್ದುದರಿಂದ ಕುಂಕುಮವು ಅಕ್ಷರಗಳ ಸಂದಿಯಲ್ಲಿ ಗಟ್ಟಿಯಾಗಿ ಕೂತಿದ್ದಿತು.

“ಮಾಸ್ತರ್ರ, ಇದರಾಗ ನಮ್ಮಪ್ಪನ ಹೆಸರ ಎಲ್ಲೈತಿ ತೋರಸ್ರಿ” ಎಂದಳು. ನಾನು ತೋರಿಸಿದೆನು. ಆಕೆಯು ಬೆರಳನ್ನಿಟ್ಟು ಒಂದೊಂದೇ ಅಕ್ಷರವನ್ನು ಮುಟ್ಟಿದಳು. ಎಪ್ಪತ್ತು ದಾಟಿದ ಆ ಮಗಳು ತಂದೆಯನ್ನು ಮುಟ್ಟಿದ್ದು ಅದೇ ಮೊದಲು. ಏಕೆಂದರೆ ಆಕೆಯು ಗರ್ಭದಲ್ಲಿದ್ದಾಗಲೇ ಅವನು ಪಲಟಣದೊಡನೆ ಹಡಗು ಹತ್ತಿ ಬಸರಾಕ್ಕೆ ಹೋಗಿದ್ದನು, ಮರಳಿ ಬರಲಿಲ್ಲ. ಬೆಳ್ಳಿಯ ಪದಕವೂ ಬಂದಿದ್ದಿತಂತೆ. ಬರಗಾಲದಲ್ಲಿ ಆಕೆಯ ತಾಯಿ ಅದನ್ನು ಅಕ್ಕಸಾಲಿಗನಿಗೆ ಕೊಟ್ಟು ಜೋಳ ತಂದಳಂತೆ. ಕಂಚಿಗೆ ಬೆಲೆ ಬಾರದ್ದರಿಂದ ಬಿಲ್ಲೆಯು ಉಳಿಯಿತು.

“ಅವನ ಸುಟ್ರೋ ಹುಗದ್ರೋ, ಇಷ್ಟ ಕೇಳಿ ಹೇಳ್ರಿ ಮಾಸ್ತರ್ರ. ಮತ್ತೇನೂ ಬ್ಯಾಡ” ಎಂದು ಬೇಡಿಕೊಂಡಳು. ತಾಯಿಯಿಂದ ಕೇಳಿ ಬಾಯಿಪಾಠ ಮಾಡಿದ್ದ ಪಲಟಣದ ನಂಬರನ್ನೂ, ಸಿಪಾಯಿಯ ನಂಬರನ್ನೂ ಹೇಳಿದಳು. ನಾನು ಒಂದು ಚೀಟಿಯಲ್ಲಿ ಬರೆದುಕೊಂಡು, ಬೆಳಗಾವಿಯ ಪಲಟಣದ ಕೇಂದ್ರಕ್ಕೆ ಪತ್ರ ಬರೆಯುವೆನೆಂದು ಮಾತುಕೊಟ್ಟೆನು.

ವಾಚಕರೆ, ಆ ಪತ್ರವನ್ನು ನಾನು ಬರೆಯಲಿಲ್ಲ. ಪರೀಕ್ಷೆ ಬಂದಿತು, ಖಾನೇಸುಮಾರಿ ಬಂದಿತು, ತಂಗಿಯ ಮದುವೆ ಬಂದಿತು. ಆಯಿಯು ದಾರಿಯಲ್ಲಿ ಸಿಕ್ಕಾಗಲೆಲ್ಲ ನನ್ನ ಮುಖವನ್ನು ನೋಡುತ್ತಿದ್ದಳೇ ಹೊರತು ಬಾಯಿಬಿಟ್ಟು ಕೇಳುತ್ತಿರಲಿಲ್ಲ. ಮಾಸ್ತರರಿಗೆ ಕೆಲಸ ಬಹಳವೆಂದು ಆಕೆಯ ಮರ್ಯಾದೆ. ಎರಡು ಮಳೆಗಾಲ ಕಳೆದ ಮೇಲೆ ಆಕೆಯು ತೀರಿಕೊಂಡಳು. ಮನೆಗೆ ಬಂದು ಚೀಟಿಯನ್ನು ಹುಡುಕಿದೆನು. ಅದು ಯಾವ ಪುಸ್ತಕದಲ್ಲಿ ಸೇರಿ ಎಲ್ಲಿ ಹೋಗಿದ್ದಿತೋ, ಸಿಗಲಿಲ್ಲ. ಆಲಸ್ಯವು ದೊಡ್ಡ ಶತ್ರುವೆಂದು ಮಕ್ಕಳಿಂದ ಶ್ಲೋಕ ಹೇಳಿಸುತ್ತಿದ್ದವನು ನಾನು.

ಬೆಳಗಾವಿಯ ಸ್ಮಶಾನದಲ್ಲಿ ಕುಳಿತು ಈ ಕಥೆಯನ್ನು ಹವಾಲ್ದಾರನಿಗೆ ಹೇಳಿದೆನು. ಅವನು ನನ್ನನ್ನು ಹಳಿಯಲಿಲ್ಲ; “ಇನ್ನೂ ನೋಡೂಣ್ರಿ” ಎಂದನು. ಯುದ್ಧದಲ್ಲಿ ಮಡಿದವರ ಪಟ್ಟಿಗಳು ಈಗ ಮೊಬೈಲಿನಲ್ಲಿಯೇ ಸಿಗುತ್ತವೆ. 1917ರಲ್ಲಿ ಸ್ಥಾಪಿತವಾದ ಯುದ್ಧಸಮಾಧಿಗಳ ಆಯೋಗವು ಅವನ್ನು ಕಾಪಾಡಿಕೊಂಡು ಬಂದಿದೆ. ಅವನಿಂದಲೂ, ಅನಂತರದ ನನ್ನ ಓದಿನಿಂದಲೂ ತಿಳಿದದ್ದನ್ನು ಇಲ್ಲಿ ಸಂಕ್ಷೇಪವಾಗಿ ಹೇಳುವೆನು.

ಮೊದಲನೆಯ ಮಹಾಯುದ್ಧದಲ್ಲಿ ಭಾರತದಿಂದ ಹದಿಮೂರು ಲಕ್ಷಕ್ಕೂ ಹೆಚ್ಚು ಜನರು ಸೇವೆಸಲ್ಲಿಸಿದರು. ಅವರಲ್ಲಿ ಅತ್ಯಂತ ಹೆಚ್ಚಿನವರು ಹೋದದ್ದು ಇಂದು ಇರಾಕವೆನಿಸಿದ ಮೆಸೊಪೊಟೇಮಿಯಕ್ಕೆ. ಅಲ್ಲಿಯ ಕುತ್ ಎಂಬ ಊರಿನಲ್ಲಿ ತುರ್ಕರು 1915ರ ಡಿಸೆಂಬರ 7ರಿಂದ ನಮ್ಮವರನ್ನು ಮುತ್ತಿದರು. ಅದರೊಳಗೆ ಮರಾಠಾ ಪಲಟಣಗಳೂ ಸಿಕ್ಕಿದ್ದವು. ಅನ್ನ ತೀರಿತು, ಕುದುರೆಗಳನ್ನು ಕಡಿದು ತಿನ್ನುವ ಗತಿ ಬಂದಿತು. 1916ರ ಏಪ್ರಿಲ 29ರಂದು ಸುಮಾರು 13,000 ಜನರು ಶರಣಾದರು. ಮರುಭೂಮಿಯ ದಾರಿಯಲ್ಲಿ ನಡೆದು ಸತ್ತವರು ಎಷ್ಟೋ ಮಂದಿ. ಅವರ ಗೋರಿಯೆಲ್ಲಿ, ಚಿತೆಯೆಲ್ಲಿ!

ಗೋರಿ ಗೊತ್ತಿಲ್ಲದವರ ಸಲುವಾಗಿ 1929ರಲ್ಲಿ ಬಸರಾದಲ್ಲಿ ದೊಡ್ಡ ಸ್ಮಾರಕವನ್ನು ಕಟ್ಟಿದರು. 40,000ಕ್ಕೂ ಹೆಚ್ಚು ಜನರ ನೆನಪು ಅದರಲ್ಲಿದೆ. 1997ರಲ್ಲಿ ಅದನ್ನು ಬಿಚ್ಚಿ ಊರ ಹೊರಗಿನ ಮರಳುಗಾಡಿಗೆ ಒಯ್ದು ನಿಲ್ಲಿಸಿದರು. ಬಿಳಿಯರ ಹೆಸರುಗಳನ್ನೂ ಭಾರತೀಯ ಅಧಿಕಾರಿಗಳ ಹೆಸರುಗಳನ್ನೂ ಅದರ ಕಲ್ಲಿನಲ್ಲಿ ಕೊರೆದರು. ನಮ್ಮ ಸಾಮಾನ್ಯ ಸಿಪಾಯಿಗಳಿಗೆ ಮಾತ್ರ ಪಲಟಣದ ಹೆಸರಿನ ಕೆಳಗೆ ‘ಇಷ್ಟು ಜನ’ ಎಂಬ ಸಂಖ್ಯೆ. ಇದು ಅನ್ಯಾಯವೆಂದು ಆ ಆಯೋಗವೇ 2021ರಲ್ಲಿ ಒಪ್ಪಿಕೊಂಡು ಕ್ಷಮೆ ಕೇಳಿತು.

ವಿಚಿತ್ರವನ್ನು ನೋಡಿರಿ. ಆಯಿಯ ಮನೆಗೆ ಬಂದಂಥ ಬಿಲ್ಲೆಗಳನ್ನು ಮಡಿದವರ ಮನೆಗಳಿಗೆಂದು ಹದಿಮೂರು ಲಕ್ಷಕ್ಕೂ ಮಿಕ್ಕಿ ಎರಕಹೊಯ್ದರು. ಸಾವಿನಲ್ಲಿ ಎಲ್ಲರೂ ಸಮಾನರೆಂದು ತೋರಿಸಲು ಅವುಗಳ ಮೇಲೆ ಹುದ್ದೆಯನ್ನು ಬರೆಯದೆ ಹೆಸರನ್ನಷ್ಟೇ ಬರೆದರು. ಬೀಡಿಯ ಗುಡಿಸಲಿಗೆ ಸಮಾನತೆ ಬಂದಿತು, ಬಸರಾದ ಕಲ್ಲಿಗೆ ಬರಲಿಲ್ಲ. ಆ ಕಾಲದಲ್ಲಿ ಭಾರತದಲ್ಲಿ ಸತ್ತು, ಕಾಪಾಡಲಾಗದ ಸ್ಮಶಾನಗಳಲ್ಲಿ ಮಲಗಿದ 1,800ಕ್ಕೂ ಹೆಚ್ಚು ಸೈನಿಕರ ಹೆಸರುಗಳನ್ನು ಪುಣೆಯ ಖಡಕಿಯಲ್ಲಿ ಕೊರೆದಿಟ್ಟಿದ್ದಾರೆ. ಅವರಿಗೆ ದೊರೆತದ್ದನ್ನು ಕಂಡು ನನಗೆ ಮತ್ಸರವಿಲ್ಲ. ನಮ್ಮವನಿಗೂ ಅದು ಸಲ್ಲಬೇಕಾಗಿದ್ದಿತು.

ಕಲ್ಲಿನ ಮೇಲೆ ಇಲ್ಲದಿದ್ದರೂ ಆಯೋಗದ ಪಟ್ಟಿಯಲ್ಲಿ ಸಿಪಾಯಿಗಳ ಹೆಸರುಗಳಿವೆ. ಹವಾಲ್ದಾರನು ಆಯಿಯ ಮೊಮ್ಮಗನಿಂದ ಬಿಲ್ಲೆಯ ಚಿತ್ರವನ್ನು ತರಿಸಿಕೊಂಡು, ಆ ಹೆಸರನ್ನು ಹುಡುಕಿದನು. ಹೆಸರು ಸಿಕ್ಕಿತು. ಆದರೆ ಒಂದಲ್ಲ; ಅದೇ ಹೆಸರಿನ ಸಿಪಾಯಿಗಳು ಏಳು ಜನ, ಬೇರೆ ಬೇರೆ ಪಲಟಣ, ಬೇರೆ ಬೇರೆ ನಂಬರು. “ಪಲಟಣದ ನಂಬರ ಒಂದ ಗೊತ್ತಿದ್ರ ಈಗಿಂದೀಗ ಹೇಳಬಹುದಿತ್ರಿ” ಎಂದು ಅವನು ಸಹಜವಾಗಿ ನುಡಿದನು. ನನ್ನ ಚೀಟಿಯ ಬೆಲೆಯು ನನಗೆ ಆಗ ತಿಳಿಯಿತು. ತಲೆಯೆತ್ತಲಾರದೆ ಕುಳಿತೆನು.

ಮಹಾಭಾರತದ ಸ್ತ್ರೀಪರ್ವದಲ್ಲಿ ಒಂದು ಸಂದರ್ಭವಿದೆ. ಯುದ್ಧ ಮುಗಿದು, ಸತ್ತವರಿಗೆಲ್ಲ ಗಂಗೆಯ ದಂಡೆಯಲ್ಲಿ ಜಲದಾನವು ನಡೆದಿರುವಾಗ ಕುಂತಿಯು ಮುಂದೆ ಬಂದು, ಕರ್ಣನಿಗೂ ನೀರು ಬಿಡಿರೆಂದೂ, ಅವನು ನಿಮ್ಮ ಅಣ್ಣನೆಂದೂ ಮಕ್ಕಳಿಗೆ ಹೇಳುತ್ತಾಳೆ. ಮುಚ್ಚಿಟ್ಟ ಹೆಸರೊಂದು ತಡವಾಗಿ ಹೊರಬಿದ್ದಾಗ ಧರ್ಮರಾಜನಿಗೆ ಗೆಲುವೇ ಕಹಿಯಾಯಿತು. ಮೂವತ್ತು ವರ್ಷ ಈ ಕಥೆಯನ್ನು ಮಕ್ಕಳಿಗೆ ಹೇಳಿದೆನು. ಹೆಸರನ್ನು ಮುಚ್ಚಿಡುವದೂ, ಅದನ್ನು ಕೇಳಲು ಬಂದವರನ್ನು ಕಾಯಿಸುವದೂ ಒಂದೇ ಜಾತಿಯ ಅಪರಾಧವೆಂಬುದು ಮಾತ್ರ ಆಗ ನನಗೆ ಹೊಳೆದಿರಲಿಲ್ಲ.

ಮಾಘ ಶುದ್ಧ ಅಷ್ಟಮಿಯು ಭೀಷ್ಮಾಷ್ಟಮಿ. ಸಂತಾನವಿಲ್ಲದ ಭೀಷ್ಮನಿಗೆ ಅಂದು ಎಲ್ಲರೂ ತರ್ಪಣ ಕೊಡಬೇಕೆಂದು ಶಾಸ್ತ್ರವಿದೆ. ತಂದೆ ಬದುಕಿದ್ದವರಿಗೂ ಇದು ಸಲ್ಲುವದೆಂದು ಕೆಲವರು ಹೇಳಿದ್ದಾರೆ. ತನ್ನವರಿಲ್ಲದವನಿಗೆ ಊರೆಲ್ಲವೂ ತನ್ನದಾಗಬೇಕೆಂಬುದೇ ಇದರ ತಾತ್ಪರ್ಯವಾಗಿರಬೇಕು. ಈ ವರ್ಷ ನಾನು ಭೀಷ್ಮನಿಗೆ ಕೊಟ್ಟ ಮೇಲೆ, ಬಿಲ್ಲೆಯ ಮೇಲಿನ ಹೆಸರನ್ನು ಹೇಳಿ ಮೂರು ಬೊಗಸೆ ನೀರು ಬಿಟ್ಟೆನು. ಗೋತ್ರ ತಿಳಿಯದವರನ್ನು ಕಾಶ್ಯಪಗೋತ್ರದವರೆಂದು ಹೇಳುವ ವಾಡಿಕೆಯುಂಟು, ಹಾಗೆಯೇ ಹೇಳಿದೆನು. ಏಳು ಜನರಲ್ಲಿ ನಮ್ಮವನಾರೋ ತಿಳಿಯದು. ಏಳು ಜನರಿಗೂ ಅದು ಮುಟ್ಟಿದ್ದರೆ ನಷ್ಟವೇನು!

ಇದರಿಂದ ನನ್ನ ತಪ್ಪು ಕಳೆಯಿತೆಂದು ನಾನು ಭಾವಿಸಿಲ್ಲ. ಸುಟ್ಟರೋ ಹುಗಿದರೋ ಎಂದು ಕೇಳಿದವಳು ಉತ್ತರವಿಲ್ಲದೆ ಹೋದಳು. ಆದುದರಿಂದ ಈಗ ಒಂದು ಕೆಲಸವನ್ನು ಹಿಡಿದಿದ್ದೇನೆ. ಹವಾಲ್ದಾರನೂ ನಾನೂ ರವಿವಾರಕ್ಕೊಮ್ಮೆ ಸುತ್ತಲಿನ ಹಳ್ಳಿಗಳ ಮುದುಕರ ಮುಂದೆ ಕುಳಿತು, ಪಲಟಣಕ್ಕೆ ಹೋಗಿ ತಿರುಗಿ ಬಾರದವರ ಹೆಸರು, ನಂಬರು, ಊರುಗಳನ್ನು ಬರೆದುಕೊಳ್ಳುತ್ತಿದ್ದೇವೆ. ಈ ಸಲ ಚೀಟಿಯಲ್ಲಿ ಅಲ್ಲ, ರಟ್ಟು ಹಾಕಿದ ನೋಟುಪುಸ್ತಕದಲ್ಲಿ. ಅದರ ಎರಡು ಪ್ರತಿಗಳನ್ನು ಇಟ್ಟಿದ್ದೇವೆ. ವಾಚಕರ ಮನೆಗಳಲ್ಲಿಯೂ ಜಗಲಿಯ ಮೇಲೆ, ಪೆಟ್ಟಿಗೆಯ ತಳದಲ್ಲಿ ಇಂಥ ಬಿಲ್ಲೆಯೋ ಪದಕವೋ ಇದ್ದೀತು. ಅದರ ಕಥೆಯನ್ನು ಬಲ್ಲ ಅಜ್ಜಿಯು ಇನ್ನೂ ಬದುಕಿದ್ದರೆ, ಈ ಪತ್ರಿಕೆಯನ್ನು ಕೆಳಗಿಟ್ಟು ಇಂದೇ ಹೋಗಿ ಕೇಳಿರಿ.

ಆಯಿಯ ಮೊಮ್ಮಗನು ತನ್ನ ಅಂಗಳದಲ್ಲಿ ತುಳಸಿಯ ಕಟ್ಟೆಗೆ ಹತ್ತಿಕೊಂಡು ಒಂದು ಸಣ್ಣ ಕಲ್ಲನ್ನು ನಿಲ್ಲಿಸಬೇಕೆಂದಿದ್ದಾನೆ. ಕಲ್ಲಿನ ಮೇಲೆ ಬರುವ ಮೊದಲು ಹೆಸರು ಕಾಗದದ ಮೇಲೆ ಬರಬಾರದೆಂದು ಅವನ ಇಚ್ಛೆಯಾದ್ದರಿಂದ ನಾನು ಅದನ್ನು ಇಲ್ಲಿ ಬರೆದಿಲ್ಲ. ಏನು ಕೊರೆಸಬೇಕೆಂದು ನನ್ನನ್ನು ಕೇಳಲು ಬಂದಿದ್ದನು. ಸಿಪಾಯಿಯ ಹೆಸರನ್ನು ಕೊರೆಸು, ಅದರ ಕೆಳಗೆ ನಿನ್ನ ಅಜ್ಜಿಯ ಹೆಸರನ್ನೂ ಕೊರೆಸೆಂದೆನು. ಅವನು ಹೋದದ್ದು ಒಂದೆರಡು ವರ್ಷ; ಎಪ್ಪತ್ತು ವರ್ಷ ದಾರಿ ಕಾಯ್ದವಳು ಆಕೆ. ಬರೆದುಕೊಟ್ಟ ಕಾಗದವನ್ನು ಅವನ ಕೈಯಲ್ಲಿಟ್ಟು, ಕಲ್ಲಿನವನ ಮನೆಯವರೆಗೆ ನಾನೇ ಸಂಗಡ ಹೋಗಿ ಬಂದೆನು.