ಹಿಂದಿನ ಸೀಟಿನಲ್ಲಿ ಹೆಂಡತಿ, ಮುಂದೆ ಹೇಮಾವತಿ!

ಸಿನಿಮಾದಲ್ಲಿ ಹೀರೋಗೆ ಪ್ರೀತಿ ಹುಟ್ಟಿತು ಅಂದರೆ ಸಾಕು, ಮರುನಿಮಿಷಕ್ಕೆ ಕಾಶ್ಮೀರ! ನಾಯಕಿ ಒಮ್ಮೆ ನಕ್ಕಳೋ ಇಲ್ಲವೋ, ಊಟಿ! ಜೇಬಿನಲ್ಲಿ ಟಿಕೆಟ್ಟಿಲ್ಲ, ಹೆಗಲಲ್ಲಿ ಬ್ಯಾಗಿಲ್ಲ. ಆದರೂ ಎರಡನೇ ಚರಣದ ಹೊತ್ತಿಗೆ ಮೂರು ಸೀರೆ ಬದಲಾಗಿರುತ್ತೆ. ಗಾಂಧಿ ಕ್ಲಾಸಿನಲ್ಲಿ ಕೂತ ನಾವು ಶಿಳ್ಳೆ ಹೊಡೀತೀವಿ.

ಸರಿ ಮಿತ್ರರೇ, ಷೋ ಬಿಟ್ಟ ಮೇಲೆ?

ಹಾಸನದ ಹುಡುಗನೊಬ್ಬನಿಗೆ ಮದುವೆಯಾಯ್ತು ಅಂತ ಇಟ್ಕೊಳ್ಳಿ. ಮೂರು ಕೋಣೆಯ ಮನೆ. ನಡುಮನೆಯಲ್ಲಿ ಅಪ್ಪ, ಅಡುಗೆಮನೆಯಲ್ಲಿ ಅಮ್ಮ, ಬಾಗಿಲ ಬಳಿ ಪರೀಕ್ಷೆಗೆ ಓದ್ತಾ ಕೂತ ತಮ್ಮ. ಗಂಡ ಹೆಂಡತಿ ಪಿಸುಗುಟ್ಟಿದರೂ ಗೋಡೆಯ ಆಚೆಯಿಂದ ಕೆಮ್ಮು ಕೇಳಿಸುತ್ತೆ! ಜಗಳ ಆಡೋಕೂ ಜಾಗವಿಲ್ಲ, ರಾಜಿ ಆಗೋಕೂ ಜಾಗವಿಲ್ಲ. ಅಂಥ ಹುಡುಗರಲ್ಲಿ ನಾನೂ ಒಬ್ಬ. ನಮ್ಮ ಪಾಲಿಗೆ ದೇವರು ಉಳಿಸಿಟ್ಟಿರೋದು ಎರಡೇ: ಒಂದು ಭಾನುವಾರ, ಇನ್ನೊಂದು ಬೈಕು.

ನಲವತ್ತರ ಮೇಲೆ ಹೋಗೋಲ್ಲ

ನಮ್ಮದು ಅಪ್ಪ ಬಿಟ್ಟುಕೊಟ್ಟ ಯೆಜ್ಡಿ. 1973ರಲ್ಲಿ ಹಿಂದಿಯ 'ಬಾಬಿ' ಬಂದಾಗ ಅದರ ಪುಟ್ಟ ರಾಜದೂತ್ ನೋಡಿ ದೇಶದ ಹುಡುಗರೆಲ್ಲ ಹುಚ್ಚಾದರಂತೆ. ಆದರೆ ಹಳೇ ಮೈಸೂರು ಸೀಮೆಯವರ ಜೀವ ಮಾತ್ರ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯ ಬೈಕುಗಳ ಮೇಲೇ. ಆ ಕಾರ್ಖಾನೆ 1996ರಲ್ಲಿ ಮುಚ್ಚಿತು. ಅಲ್ಲಿ ಹುಟ್ಟಿದ ಗಾಡಿಗಳು ಇನ್ನೂ ಓಡ್ತಿವೆ ಸ್ವಾಮಿ! ಕಿಕ್ ಹೊಡೆಯೋ ಪೆಡಲ್ಲೇ ಮುಂದಕ್ಕೆ ಮಡಿಸಿದರೆ ಗೇರು. ಎರಡು ಸೈಲೆನ್ಸರು. ಪೆಟ್ರೋಲಿಗೆ ಆಯಿಲ್ ಬೆರೆಸಿ ಕುಡಿಸಬೇಕು, ಇಲ್ಲದಿದ್ದರೆ ಮುನಿಸು.

ಸದ್ದು ಜೋರು. ನಲವತ್ತರ ಮೇಲೆ ಹೋದರೆ ಹಿಂದೆ ಕೂತವಳ ಮಾತು ಕೇಳಿಸೋಲ್ಲ. ಆದ್ದರಿಂದ ನಾನು ನಲವತ್ತರ ಮೇಲೆ ಹೋಗೋಲ್ಲ. ಕಾರುಗಳು, ಬಸ್ಸುಗಳು, ಕೊನೆಗೆ ಹಾಲಿನ ಕ್ಯಾನು ಕಟ್ಟಿಕೊಂಡ ಮೊಪೆಡ್ಡೂ ನಮ್ಮನ್ನು ದಾಟಿ ಹೋಗುತ್ತೆ. ಹೋಗಲಿ ಬಿಡಿ. ಅವರಿಗೆ ಊರು ಸೇರಬೇಕು, ನಮಗೆ ಮಾತು ಮುಗೀಬೇಕು.

ನಮ್ಮ ಮಾತೇನು ಅಂತ ಕೇಳಿದಿರಾ? ಹೇಳ್ತೀನಿ. ನಾನು ಸ್ಪೇರ್ ಪಾರ್ಟ್ಸ್ ಅಂಗಡಿಯಲ್ಲಿ ಕೆಲಸಕ್ಕಿದ್ದೀನಿ. ಮದುವೆಯಾದ ಹೊಸದರಲ್ಲಿ ಗೆಳೆಯನೊಬ್ಬ ಬೆಂಗಳೂರಿಗೆ ಕರೆದ. ಸಂಬಳ ಹೆಚ್ಚು. 2017ರಿಂದ ಹಾಸನಕ್ಕೂ ಬೆಂಗಳೂರಿಗೂ ಶ್ರವಣಬೆಳಗೊಳದ ಮೇಲೆ ನೇರ ರೈಲೂ ಆಗಿದೆ. "ಈ ಊರಲ್ಲಿ ಏನಿದೆ, ಹೊರಟು ಬಾ" ಅಂದ. ನನಗೂ ಹಾಗೇ ಅನ್ನಿಸಿತ್ತು. ನನ್ನಾಕೆ ಮಾತ್ರ ಒಂದು ಷರತ್ತು ಹಾಕಿದಳು: "ರೀ, ಏನಿಲ್ಲ ಅಂತ ಹೇಳೋಕೆ ಮುಂಚೆ ಒಂದು ವರ್ಷ ನೋಡೋಣ. ಎಲ್ಲಾ ಭಾನುವಾರ. ಆಮೇಲೆ ನೀವು ಹೇಳಿದ ಹಾಗೆ."

ಅವಳ ಮಾತಿಗೆ ಕಾರಣವಿತ್ತು. ಅದನ್ನ ಮುಂದೆ ಹೇಳ್ತೀನಿ.

ಮಳೆಗಾಲ: ಅರ್ಧ ಮುಳುಗಿದ ಗೋಪುರ

ರೋಹಿಣಿ ಮಳೆಯ ಹೊತ್ತಿಗೆ ನಮ್ಮ ಕಡೆ ಆಲೂಗಡ್ಡೆ ಬಿತ್ತನೆ. ಬಿತ್ತನೆ ಗಡ್ಡೆ ಎಲ್ಲಿಂದ ಬರುತ್ತೆ ಗೊತ್ತೇ? ಪಂಜಾಬಿನ ಜಲಂಧರಿನಿಂದ! ಲಾರಿ ಲಾರಿ ಬಂದು ಹಾಸನದ ಮಾರುಕಟ್ಟೆಯಲ್ಲಿ ಇಳಿಯುತ್ತೆ. ಅಂಗಮಾರಿ ರೋಗ ಮೇಲಿಂದ ಮೇಲೆ ಬಡಿದು ಎಷ್ಟೋ ರೈತರು ಆಲೂಗಡ್ಡೆ ಬಿಟ್ಟು ಜೋಳ, ಶುಂಠಿಗೆ ತಿರುಗಿದ್ದಾರೆ. ಆದರೂ ಜೂನಿನಲ್ಲಿ ಗೊರೂರು ರಸ್ತೆಯಲ್ಲಿ ಹೊರಟರೆ ಕೆಂಪು ಮಣ್ಣಿನ ಸಾಲು, ಮೇಲೆ ಕರಿಮೋಡ. ಈ ಸೀನಿಗೆ ಯಾವ ಕ್ಯಾಮೆರಾಮನ್ನೂ ಬೇಡ.

ಗೊರೂರು ಹಾಸನದಿಂದ ಇಪ್ಪತ್ತು ಕಿಲೋಮೀಟರ್ ಚಿಲ್ಲರೆ. ಹೇಮಾವತಿಗೆ ಇಲ್ಲಿ ಕಟ್ಟಿದ ಅಣೆಕಟ್ಟು 1979ರಲ್ಲಿ ಮುಗಿಯಿತು. ತುಂಬಿದ ಮಟ್ಟ 2,922 ಅಡಿ, ಹಿಡಿಯೋ ನೀರು 37 ಟಿಎಂಸಿ. ಮಳೆಗಾಲದಲ್ಲಿ ಹಾಸನದವರು ಬೆಳಿಗ್ಗೆ ಪೇಪರ್ ತೆಗೆದರೆ ಮೊದಲು ನೋಡೋದು ಈ ಮಟ್ಟವನ್ನೇ, ಆಮೇಲೆ ಸಿನಿಮಾ ಪುಟ!

ಸಿನಿಮಾ ಅಂದಾಗ ನೆನಪಾಯಿತು. ಈ ಊರಿನವರೇ ಗೊರೂರು ರಾಮಸ್ವಾಮಿ ಅಯ್ಯಂಗಾರ್ಯರು. 'ಅಮೆರಿಕಾದಲ್ಲಿ ಗೊರೂರು' ಬರೆದು ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದವರು. ಅವರ ಕಥೆಯಿಂದಲೇ 1974ರಲ್ಲಿ ಸಿದ್ದಲಿಂಗಯ್ಯನವರ 'ಭೂತಯ್ಯನ ಮಗ ಅಯ್ಯು' ಹುಟ್ಟಿದ್ದು. ಲೋಕೇಶ್ ಅಯ್ಯು, ವಿಷ್ಣುವರ್ಧನ್ ಗುಳ್ಳ. ಒಂದು ಹಳ್ಳಿಯ ದ್ವೇಷ ಕೋರ್ಟು ಕಚೇರಿ ಹತ್ತಿ ಮನೆ ಮನೆಯನ್ನೂ ಬರಿದು ಮಾಡೋ ಕಥೆಯನ್ನ ಎಷ್ಟು ಸಲ ನೋಡಿದ್ದೀರೋ! ಇನ್ನೊಂದು ಸಲ ನೋಡೋಕೆ ಮುಂಚೆ ಒಮ್ಮೆ ಗೊರೂರಿನ ಯೋಗಾನರಸಿಂಹನ ಗುಡಿಯ ಹತ್ತಿರ ಹೊಳೆಯ ದಡದಲ್ಲಿ ನಿಲ್ಲಿ. ಅಂಥ ಕಥೆ ಯಾವ ಮಣ್ಣಿನದು ಅಂತ ಗೊತ್ತಾಗುತ್ತೆ.

ಅಣೆಕಟ್ಟಿನ ಹಿನ್ನೀರಿನಲ್ಲಿದೆ ಶೆಟ್ಟಿಹಳ್ಳಿ ಚರ್ಚು. 1860ರ ದಶಕದಲ್ಲಿ ಫ್ರೆಂಚ್ ಪಾದ್ರಿಗಳು ಕಟ್ಟಿಸಿದ್ದು. ಜಲಾಶಯ ಬಂದು ಜನ ಊರು ಬಿಟ್ಟರು, ಚರ್ಚು ನಿಂತೇ ಇತ್ತು. ಮಳೆಗಾಲದಲ್ಲಿ ನೀರು ಏರಿದಾಗ ಸೊಂಟದವರೆಗೆ ಮುಳುಗಿ, ಕಮಾನುಗಳು ನೀರಿನಲ್ಲಿ ತಲೆಕೆಳಗಾಗಿ ಕಾಣುತ್ತವೆ. ಫೋಟೋ ತೆಗೆಯೋ ಜೋಡಿಗಳ ಸಾಲೇ ಸಾಲು. ನನ್ನಾಕೆ ಮಾತ್ರ ಚರ್ಚು ನೋಡಲಿಲ್ಲ. ಅದರಾಚೆಯ ನೀರನ್ನೇ ನೋಡ್ತಾ ನಿಂತಳು. "ನಮ್ಮಜ್ಜಿ ಊರು ಅಲ್ಲೆಲ್ಲೋ ಅಡಿಯಲ್ಲಿದೆ," ಅಂದಳು. ಮದುವೆಯಾಗಿ ಮೂರು ತಿಂಗಳಾಗಿತ್ತು, ಈ ಮಾತು ಮನೆಯಲ್ಲಿ ಒಂದು ದಿನವೂ ಬಂದಿರಲಿಲ್ಲ!

ಮಳೆ ಜೋರಾದ ಮೇಲೆ ಒಮ್ಮೆ ಸಕಲೇಶಪುರದ ಕಡೆಗೂ ಹೋದೆವು. ಹೇಮಾವತಿ ಅಲ್ಲಿಂದಲೇ ಹರಿದು ಬರೋದು. ಪೇಟೆ ದಾಟಿದರೆ ಮಂಜರಾಬಾದ್ ಕೋಟೆ, 1792ರಲ್ಲಿ ಟಿಪ್ಪು ಕಟ್ಟಿಸಿದ್ದು, ಎಂಟು ಮೂಲೆಯ ನಕ್ಷತ್ರದ ಆಕಾರ. ಒಳಗೆ ನಿಂತರೆ ನಕ್ಷತ್ರ ಕಾಣೋಲ್ಲ, ಮಂಜು ಮಾತ್ರ. 2006ರ 'ಮುಂಗಾರು ಮಳೆ' ಇದೇ ಸಕಲೇಶಪುರ, ಮಡಿಕೇರಿ, ಜೋಗ ಸುತ್ತಿ ನಾಡಿಗೆಲ್ಲ ನೆನೆಯೋದು ಕಲಿಸಿತಲ್ಲ! ಆದರೆ ತೆರೆಯ ಮೇಲಿನ ಮಳೆಗೆ ಬ್ರೇಕು ಜಾರೋಲ್ಲ, ರಸ್ತೆಯ ಮಳೆಗೆ ಜಾರುತ್ತೆ. ಮಣ್ಣು ಕುಸಿಯೋ ಕಾಲ, ಶಿರಾಡಿ ಘಾಟಿಗೆ ಇಳಿಯದೆ ಕೋಟೆಯಿಂದಲೇ ತಿರುಗಿ ಬಂದೆವು.

ದೀಪಾವಳಿ: ಅತ್ತೆ ಸೊಸೆ ಒಂದೇ ಕ್ಯೂನಲ್ಲಿ

ಆಶ್ವಯುಜ ಹುಣ್ಣಿಮೆ ಕಳೆದು ಮೊದಲ ಗುರುವಾರ ಹಾಸನಾಂಬೆಯ ಬಾಗಿಲು ತೆಗೀತಾರೆ. ವರ್ಷಕ್ಕೆ ಒಂದೇ ಸಲ. ಬಲಿಪಾಡ್ಯಮಿ ಕಳೆದ ಮೇಲೆ ಮತ್ತೆ ಬಾಗಿಲು ಹಾಕಿದರೆ ಮುಂದಿನ ವರ್ಷವೇ. ಹೋದ ವರ್ಷ ಹಚ್ಚಿದ ದೀಪ ಆರಿರೋದಿಲ್ಲ ಅನ್ನೋದು ಭಕ್ತರ ನಂಬಿಕೆ. ಆ ದಿನಗಳಲ್ಲಿ ಊರಿಗೆ ಊರೇ ಕ್ಯೂ. ಬೈಕಿಗೆ ರಜಾ.

ಗುಡಿಯಲ್ಲಿ ಒಂದು ಸೊಸೆ ಕಲ್ಲಿದೆ. ಅತ್ತೆ ಹೊಡೆದಾಗ ಸೊಸೆ "ಅಮ್ಮಾ ಹಾಸನಾಂಬೆ" ಅಂತ ಕೂಗಿದಳಂತೆ, ತಾಯಿ ಅವಳನ್ನ ಕಲ್ಲಾಗಿಸಿ ಕಾಪಾಡಿದಳಂತೆ. ಆ ಕಲ್ಲು ವರ್ಷಕ್ಕೆ ಅಕ್ಕಿಕಾಳಿನಷ್ಟು ದೇವಿಯ ಕಡೆ ಸರಿಯುತ್ತೆ ಅಂತ ಪ್ರತೀತಿ. ನಮ್ಮಮ್ಮನೂ ನನ್ನಾಕೆಯೂ ನಾಲ್ಕು ಗಂಟೆ ಒಟ್ಟಿಗೆ ಕ್ಯೂನಲ್ಲಿ ನಿಂತಿದ್ದರು. ಬರುವಾಗ ಇಬ್ಬರೂ ನಗ್ತಾ ಬಂದರು. ಒಳಗೆ ಏನು ಮಾತಾಡಿಕೊಂಡರೋ ಇವತ್ತಿಗೂ ನನಗೆ ಹೇಳಿಲ್ಲ. ಅದಾದ ಮೇಲೆ ಭಾನುವಾರ ಬೆಳಿಗ್ಗೆ ಅಮ್ಮನೇ ಚಿತ್ರಾನ್ನದ ಡಬ್ಬಿ ಕಟ್ಟಿಕೊಡೋಕೆ ಶುರು ಮಾಡಿದರು!

ಚಳಿಗಾಲ: ಕಲ್ಲಿನ ಡಬಲ್ ಆಕ್ಟಿಂಗ್

ಡಿಸೆಂಬರ್ ಜನವರಿ ಅಂದರೆ ಸೊಗಡವರೆಯ ಕಾಲ. ಸಂತೆಯ ತುಂಬ ಅವರೆಕಾಯಿ, ಮನೆ ಮನೆಯಲ್ಲೂ ಹಿತಕಿದಬೇಳೆ ಸಾರು. ಬೆಳಗಿನ ಇಬ್ಬನಿಯಲ್ಲಿ ಹೊರಟರೆ ಬೆರಳು ಮರಗಟ್ಟುತ್ತೆ, ಹಿಂದಿನಿಂದ ಶಾಲಿನ ತುದಿ ನನ್ನ ಕತ್ತಿಗೂ ಸುತ್ತಿಕೊಳ್ಳುತ್ತೆ. ಗುಡಿ ಸುತ್ತೋಕೆ ಇದೇ ತಕ್ಕ ಕಾಲ.

ಹೊಳೆನರಸೀಪುರದ ದಾರಿಯಲ್ಲಿ ಮೊಸಳೆ ಅಂತ ಒಂದು ಹಳ್ಳಿ. ಅಲ್ಲಿ ಅಕ್ಕಪಕ್ಕ ಎರಡು ಹೊಯ್ಸಳ ಗುಡಿ, ನಾಗೇಶ್ವರ ಮತ್ತು ಚೆನ್ನಕೇಶವ. ನೋಡೋಕೆ ಒಂದೇ ತರಹ, ಪಕ್ಕಾ ಡಬಲ್ ಆಕ್ಟಿಂಗ್! 1978ರಲ್ಲಿ ಅಣ್ಣಾವ್ರು 'ಶಂಕರ್ ಗುರು'ವಿನಲ್ಲಿ ಮೂರು ಪಾತ್ರ ಮಾಡಿದರು ಅಂತ ಕುಣಿದವರಲ್ಲವೇ ನಾವು? ಹಾಗಾದರೆ ಬೇಲೂರು ರಸ್ತೆಯಿಂದ ಒಳಕ್ಕಿರೋ ದೊಡ್ಡಗದ್ದವಳ್ಳಿಗೆ ಹೋಗಿ. ಒಂದೇ ಗುಡಿಯಲ್ಲಿ ನಾಲ್ಕು ಗರ್ಭಗುಡಿ! ಪಕ್ಕದಲ್ಲಿ ಕೆರೆ, ಸುತ್ತ ತೆಂಗು. ಈ ಲಕ್ಷ್ಮೀದೇವಿ ಗುಡಿ ಬೇಲೂರಿಗಿಂತ ಮೊದಲಿನದು. ಕಟ್ಟಿಸಿದವರು ರಾಜರಲ್ಲ, ಕುಲ್ಲಹಣ ರಾಹುತ ಅನ್ನೋ ವರ್ತಕ ಮತ್ತು ಅವನ ಹೆಂಡತಿ ಸಹಜಾದೇವಿ. ಒಂಬೈನೂರು ವರ್ಷದ ಹಿಂದೆ ಗಂಡ ಹೆಂಡತಿ ಕೂತು ಮಾತಾಡಿ ಮಾಡಿದ ಕೆಲಸ. "ನೋಡಿ, ಅವರಿಗೂ ಬೇರೆ ರಾಜಧಾನಿಗೆ ಹೋಗಬೇಕು ಅನ್ನಿಸಿರಬಹುದಲ್ವಾ?" ಅಂದಳು ನನ್ನಾಕೆ. ಉತ್ತರ ಹೊಳೀಲಿಲ್ಲ.

ಬೇಲೂರಂತೂ ಬಿಡಿ. 1964ರ 'ಅಮರಶಿಲ್ಪಿ ಜಕಣಾಚಾರಿ', ಕನ್ನಡದ ಮೊದಲ ಪೂರ್ಣ ವರ್ಣಚಿತ್ರ, ಹೇಳಿದ್ದು ಈ ಶಿಲ್ಪಿಯ ಕಥೆಯನ್ನೇ. 1117ರಲ್ಲಿ ವಿಷ್ಣುವರ್ಧನ ಕಟ್ಟಿಸಿದ ಚೆನ್ನಕೇಶವನ ಗುಡಿಯಲ್ಲಿ 42 ಮದನಿಕೆಯರು. ಮೇಕಪ್ಪಿಲ್ಲ, ಕಾಲ್‌ಶೀಟ್ ಜಗಳವಿಲ್ಲ, ಇಷ್ಟು ವರ್ಷವಾದರೂ ಪೋಸು ಕೆಟ್ಟಿಲ್ಲ! 2023ರಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರ ಮೂರೂ ಯುನೆಸ್ಕೋದ ವಿಶ್ವಪರಂಪರೆಯ ಪಟ್ಟಿ ಸೇರಿದವು. ಚನ್ನರಾಯಪಟ್ಟಣದ ಕಡೆ ಹೊರಟರೆ 1246ರ ನುಗ್ಗೇಹಳ್ಳಿ ಲಕ್ಷ್ಮೀನರಸಿಂಹ. ಶ್ರವಣಬೆಳಗೊಳದಲ್ಲಿ ಆರುನೂರಕ್ಕೂ ಹೆಚ್ಚು ಮೆಟ್ಟಿಲು ಹತ್ತಿದರೆ ಸುಮಾರು 58 ಅಡಿಯ ಗೊಮ್ಮಟ. ಬರಿಗಾಲಲ್ಲಿ ಹತ್ತಬೇಕು, ಆದ್ದರಿಂದ ಕಲ್ಲು ಕಾಯೋಕೆ ಮುಂಚೆ ಹೋಗಿ.

ಅರಕಲಗೂಡು ದಾಟಿದರೆ ರಾಮನಾಥಪುರ. ಸುತ್ತ ಹೊಗೆಸೊಪ್ಪಿನ ಬ್ಯಾರನ್ನುಗಳು, ನಡುವೆ ಕಾವೇರಿ. ವಹ್ನಿ ಪುಷ್ಕರಿಣಿಯ ಹತ್ತಿರ ದೇವರ ಮೀನು, ಯಾರೂ ಹಿಡಿಯೋ ಹಾಗಿಲ್ಲ. ಪುರಿ ಎಸೆದರೆ ಮೊಳದುದ್ದದ ಮೀನುಗಳು ಬಾಯಿ ತೆರೆದು ಬರ್ತವೆ. ಎರಡು ಪೊಟ್ಟಣ ಪುರಿಗೆ ಒಂದು ಗಂಟೆಯ ಮನರಂಜನೆ, ಇಂಟರ್‌ವಲ್ ಇಲ್ಲದೆ!

ಬೇಸಿಗೆ: ಅಜ್ಜಿ ಕೇಳಿದ ಪ್ರಶ್ನೆ

ಏಪ್ರಿಲ್ ಬಂತು. ಹಿನ್ನೀರು ಇಳಿದು ಚರ್ಚಿನ ಬುಡದವರೆಗೂ ಒಣನೆಲ, ಬಿರುಕು ಬಿಟ್ಟ ಮಣ್ಣು, ಮೇಯೋ ದನ. ಮಳೆಗಾಲದಲ್ಲಿ ನೀರಿದ್ದ ಕಡೆ ನಡೆದುಕೊಂಡೇ ಹೋದೆವು. ಅಜ್ಜಿ ಮೊದಲೇ ದಾರಿ ಹೇಳಿಕೊಟ್ಟಿದ್ದರು. ಈಗ ಗುರುತಿಗೆ ಉಳಿದಿರೋದು ಚರ್ಚೊಂದೇ ಆದ್ದರಿಂದ ಅದನ್ನೇ ಹಿಡಿದು ಹೇಳಿದ್ದರು: ಗೋಪುರಕ್ಕೆ ಬೆನ್ನು ಹಾಕಿ ನಿಲ್ಲು, ಎಡಕ್ಕೆ ದಿಬ್ಬ, ದಿಬ್ಬದ ಕೆಳಗೆ ಬಾವಿ. ದಿಬ್ಬ ಸಿಕ್ಕಿತು. ಒಂದಷ್ಟು ಪಾಯದ ಕಲ್ಲು, ಒಡೆದ ಹೆಂಚಿನ ಚೂರು. ಬಾವಿ ಸಿಗಲಿಲ್ಲ. ಹೂಳಿನಲ್ಲಿ ಮುಚ್ಚಿರಬೇಕು. ನನ್ನಾಕೆ ಒಂದು ಹೆಂಚಿನ ಚೂರು ಸೆರಗಿನಲ್ಲಿ ಕಟ್ಟಿಕೊಂಡಳು.

ಸಂಜೆ ಅಜ್ಜಿಯ ಮನೆಗೆ ಹೋದೆವು. ಅಜ್ಜಿ ಚೂರನ್ನ ಕೈಯಲ್ಲಿ ತಿರುಗಿಸಿ ನೋಡಿದರು, ನಮ್ಮದೋ ಪಕ್ಕದವರದೋ ಅಂತ ನಕ್ಕರು. ಆಮೇಲೆ ಬೆಂಗಳೂರಿನ ಮಾತು ಬಂತು.

"ನಮ್ಮನ್ನ ನೀರು ಓಡಿಸ್ತು ಕಣಪ್ಪ. ನಿಮ್ಮನ್ನ ಯಾರು ಓಡಿಸ್ತಾ ಅವ್ರೆ?"

"ಹೊಟ್ಟೆಪಾಡು ಅಜ್ಜಿ," ಅಂದೆ.

"ಹೊಟ್ಟೆಗಾದ್ರೆ ಹೋಗಿ. ಬ್ಯಾಸರಕ್ಕೆ ಹೋಗಬ್ಯಾಡಿ."

ಆ ರಾತ್ರಿ ಇಬ್ಬರೂ ಕೂತು ಲೆಕ್ಕ ಹಾಕಿದೆವು. ಬಾಡಿಗೆ, ಗ್ಯಾಸು, ಬಸ್ ಪಾಸು ಎಲ್ಲ ಕಳೆದರೆ ಬೆಂಗಳೂರಲ್ಲಿ ಉಳಿಯೋದು ಇಲ್ಲಿ ಉಳಿಯೋದಕ್ಕಿಂತ ಹೆಚ್ಚೇನಿಲ್ಲ. ಹಾಗಾದರೆ ನನ್ನನ್ನ ಎಳೀತಿದ್ದದ್ದು ಹೊಟ್ಟೆಯಲ್ಲ, ಬೇಸರ. ಆ ಬೇಸರವೋ, ಭಾನುವಾರಗಳಲ್ಲಿ ಎಲ್ಲೋ ದಾರಿಯಲ್ಲಿ ಬಿದ್ದುಹೋಗಿತ್ತು! ಗೆಳೆಯನಿಗೆ ಸದ್ಯಕ್ಕೆ ಬರೋಲ್ಲ ಅಂತ ಹೇಳಿದೆ. ನಾಳೆ ಹೊಟ್ಟೆಯೇ ಕೇಳಿದರೆ ಹೋಗೋಣ, ಹೋಗೋದು ತಪ್ಪಲ್ಲ. ಕಷ್ಟಕ್ಕೆ ಊರು ಬಿಟ್ಟವರನ್ನ ಆಡಿಕೊಳ್ಳೋಕೆ ನಾವ್ಯಾರು?

ಕಡೆಗೆ ಒಂದಿಷ್ಟು ಕಿವಿಮಾತು, ಮಿತ್ರರೇ. ಹೆಲ್ಮೆಟ್ ಎರಡಿರಲಿ. 2016ರಿಂದ ನಮ್ಮ ರಾಜ್ಯದಲ್ಲಿ ಹಿಂದೆ ಕೂತವರಿಗೂ ಕಡ್ಡಾಯ. ದಂಡದ ಮಾತು ಬಿಡಿ, ಹಿಂದೆ ಕೂತಿರೋದು ನಿಮ್ಮ ಮನೆಯ ಬೆಳಕು. ಅಣೆಕಟ್ಟು, ಹಿನ್ನೀರಿನ ಹತ್ತಿರ ಸೆಲ್ಫಿಗೆ ನೀರಿಗಿಳಿಯಬೇಡಿ. ಗುಡಿಯ ಕಲ್ಲಿನ ಮೇಲೆ ನಿಮ್ಮಿಬ್ಬರ ಹೆಸರು ಕೊರೆಯಬೇಡಿ. ಆಲೂಗಡ್ಡೆ ಹೊಲದ ಬದುವಿನ ಮೇಲೆ ಗಾಡಿ ಹತ್ತಿಸಬೇಡಿ. ಬೆಳಿಗ್ಗೆ ಆರಕ್ಕೆ ಹೊರಟು, ಬುತ್ತಿ ಉಂಡು, ನಲವತ್ತರಲ್ಲಿ ವಾಪಸ್ ಬಂದರೂ ಮ್ಯಾಟಿನಿಗೆ ಟಿಕೆಟ್ ಸಿಗುತ್ತೆ.